ಆಕ್ಸೊಲಾಟಲ್ ಸಾಕಣೆ: ತಣ್ಣೀರು ಕಾಯ್ದುಕೊಂಡ ನನ್ನ ಅನುಭವ

ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳ ಆಕ್ಸೊಲಾಟಲ್, ಸುಮಾರು ಒಂದು ಅಡಿ ಬೆಳೆದರೂ ತಲೆಯ ಇಕ್ಕೆಲದ ಗರಿಯಂತಹ ಕಿವಿರುಗಳನ್ನು ಉಳಿಸಿಕೊಂಡು ಆಯುಷ್ಯವಿಡೀ ನೀರಿನಲ್ಲೇ ಬದುಕುವ ಸ್ಯಾಲಮಾಂಡರ್, ಅಂದರೆ ಹಲ್ಲಿಯಂತೆ ಕಾಣುವ ಉಭಯಚರ. ಉಷ್ಣವಲಯದ್ದೆಂಬ ಕಾರಣಕ್ಕೆ ಅದು ಬಿಸಿ ತಾಳೀತೆಂದು ಹಲವರು ಭಾವಿಸುತ್ತಾರೆ. ಆದರೆ ಆ ಕಾಲುವೆಗಳಿರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಅಲ್ಲಿಯ ನೀರು ತಂಪು. ಲಂಡನ್ನಿನ ನಮ್ಮ ಮನೆಯಲ್ಲಿ ನನ್ನ ಶ್ರಮದ ಬಹುಪಾಲು ಸಂದಿರುವುದು ಪ್ರಾಣಿಗಿಂತ ಹೆಚ್ಚಾಗಿ ಅದರ ನೀರಿಗೆ.

ತೊಟ್ಟಿಗೆ ಫಿಲ್ಟರ್ ಜೋಡಿಸಿದ ಮೇಲೆ, ಪ್ರಾಣಿಯನ್ನು ತಾರದೆಯೇ, ಅಮೋನಿಯಾ ದ್ರಾವಣವನ್ನು ಅಳತೆಯಿಂದ ಹಾಕುತ್ತ ವಾರಗಟ್ಟಲೆ ಓಡಿಸಿದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಗೊಳ್ಳುವ ಬ್ಯಾಕ್ಟೀರಿಯಾಗಳು, ಪ್ರಾಣಿಯ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸಲು ಅಷ್ಟು ಕಾಲ ಬೇಕು. ಹಾಕಿದ ಅಮೋನಿಯಾ 24 ಗಂಟೆಯೊಳಗೆ ಇಲ್ಲವಾಗಿ, ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಎಂದು ಬರತೊಡಗಿದ ಬಳಿಕವೇ ಆಕ್ಸೊಲಾಟಲ್ ಮನೆಗೆ ಬಂತು. ಇಷ್ಟು ಮಾಂಸ ತಿನ್ನುವ ಪ್ರಾಣಿ ನೀರನ್ನು ಬೇಗ ಕೆಡಿಸುವುದರಿಂದ, ಈ ಹಂತವನ್ನು ಯಾರೂ ಬಿಡಬಾರದೆಂದು ಕಳಕಳಿಯಿಂದ ಹೇಳುತ್ತೇನೆ.

ಲಂಡನ್ನಿನ ನಲ್ಲಿನೀರು ಗಡಸು; ಆಕ್ಸೊಲಾಟಲ್‌ಗೆ ಅದೇ ಹಿತ. ವಾರಕ್ಕೊಮ್ಮೆ ನೀರು ಬದಲಿಸುವಾಗ ಕ್ಲೋರಿನ್ ನಿವಾರಕ ಹಾಕಿದರೆ ಸಾಕು.

ನೀರಿನ ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೇಸಗೆಯಲ್ಲಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನ್, ಆವಿಯಾಗುವಿಕೆಯ ಮೂಲಕ ಎರಡು ಮೂರು ಡಿಗ್ರಿ ಇಳಿಸುತ್ತದೆ. ಅದಕ್ಕಿಂತ ಹೆಚ್ಚಿನ ಸೆಕೆಗೆ ನೀರನ್ನು ತಣಿಸುವ ಚಿಲ್ಲರ್ ಯಂತ್ರವೇ ಗತಿ. ಮಂಜುಗಡ್ಡೆಯ ಬಾಟಲಿ ಇಳಿಸಿದರೆ ಉಷ್ಣತೆ ಒಮ್ಮೆಲೇ ಏರಿಳಿಯುವುದರಿಂದ ಆ ದಾರಿ ನನಗೆ ಒಪ್ಪಿಗೆಯಿಲ್ಲ. 2022ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ 40 ಡಿಗ್ರಿ ದಾಟಿದ್ದನ್ನು ನೆನೆದರೆ, ಚಿಲ್ಲರಿನ ಬೆಲೆಯನ್ನು ತೊಟ್ಟಿಯ ಬೆಲೆಯೊಂದಿಗೇ ಲೆಕ್ಕ ಹಾಕುವುದು ವಿವೇಕ.

ಬಾಯಿ ತೆರೆದು ನೀರಿನ ಸಮೇತ ಆಹಾರವನ್ನು ಸೆಳೆದುಕೊಳ್ಳುವ ಈ ಪ್ರಾಣಿ ಜಲ್ಲಿಕಲ್ಲನ್ನೂ ನುಂಗುತ್ತದೆ, ಅದು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದ ತಳಕ್ಕೆ ನಯವಾದ ಮರಳನ್ನಷ್ಟೇ ಹಾಸಿದ್ದೇನೆ. ಕಣ್ಣು ಮಂದವಾದುದರಿಂದ ಇಕ್ಕುಳದಲ್ಲಿ ಎರೆಹುಳುವನ್ನು ಮೂತಿಯ ಬಳಿ ಆಡಿಸಬೇಕಾಗುತ್ತದೆ. ಬೆಳೆದ ಪ್ರಾಣಿಗೆ ವಾರಕ್ಕೆ ಎರಡು ಮೂರು ಬಾರಿ ಉಣಿಸಿದರೆ ಸಾಕು. ಫಿಲ್ಟರಿನ ನೀರು ರಭಸದಿಂದ ಬಂದರೆ ಕಿವಿರುಗಳು ಮುಂದಕ್ಕೆ ಬಾಗುತ್ತವೆ. ಆಗ ಹರಿವನ್ನು ಗೋಡೆಯತ್ತ ತಿರುಗಿಸುತ್ತೇನೆ. ಮೀನುಗಳು ಕಿವಿರು ಕಚ್ಚುವುದರಿಂದ ಜೊತೆಗೆ ಯಾವುದನ್ನೂ ಬಿಟ್ಟಿಲ್ಲ.

ಊರಿಗೆ ಹೊರಡುವಾಗ ಗೆಳೆಯರೊಬ್ಬರಿಗೆ ತೊಟ್ಟಿಯನ್ನು ಒಪ್ಪಿಸುತ್ತೇನೆ. ಬೆಳೆದ ಆಕ್ಸೊಲಾಟಲ್ ಒಂದು ವಾರ ಉಪವಾಸವಿದ್ದೀತು, ಆದರೆ ನಿಂತ ಫಿಲ್ಟರನ್ನೂ ಬಿಸಿಯಾದ ನೀರನ್ನೂ ಅಷ್ಟು ದಿನ ತಾಳದು. ಹಾಗಾಗಿ ಅವರಿಗೆ ಬರೆದುಕೊಡುವ ಚೀಟಿಯಲ್ಲಿ ಥರ್ಮಾಮೀಟರ್ ನೋಡುವುದೇ ಮೊದಲ ಕೆಲಸ, ಎರೆಹುಳು ಆಮೇಲೆ.