ಹನ್ನೆರಡು ಅಂಕಿ, ಇಬ್ಬರು ಮಂಜುನಾಥ

ಹೊಸದಾಗಿ ಸೇರಿದ ಪೊಲೀಸ್ ಹುಡುಗರು ಕೂತ್ಕೊಳ್ಳಿ ಅಂದರೂ ಕೂರುವುದಿಲ್ಲ. ನೇಮಕಾತಿ ಆದೇಶ ಕೈಗೆ ಬಂದು ಎರಡು ದಿನ ಆಗಿರುತ್ತದೆ, ಯೂನಿಫಾರಂಗೆ ಅಳತೆ ಕೂಡ ಕೊಟ್ಟಿರುವುದಿಲ್ಲ, ಆಗಲೇ ಕೈ ಹಿಂದೆ ಕಟ್ಟಿಕೊಂಡು ನನ್ನ ಮೇಜಿನ ಮುಂದೆ ಸಾಲಾಗಿ ನಿಂತಿರುತ್ತಾರೆ. ನಾನು ಅಧಿಕಾರಿ ಅಲ್ಲ. ಕೋಲಾರದ ಕಡೆ ಒಂದು ಖಾಕಿ ಕಚೇರಿಯ ವೇತನ ಶಾಖೆಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ. 'ನನಗೆ ಸೆಲ್ಯೂಟ್ ಹೊಡೆಯಬೇಕಿಲ್ಲಪ್ಪಾ, ಮೊದಲು ಆ ಬೆಂಚ್ ಮೇಲೆ ಕೂತು ಫಾರಂ ಓದಿ' ಅಂತ ಪ್ರತಿ ಬ್ಯಾಚಿಗೂ ಹೇಳಬೇಕು. ಕೂರುತ್ತಾರೆ. ಓದುವುದಿಲ್ಲ. ಸಹಿ ಎಲ್ಲಿ ಹಾಕಬೇಕು ಅಂತ ಮಾತ್ರ ಕೇಳುತ್ತಾರೆ.

ಆ ಫಾರಂ ಎನ್‌ಪಿಎಸ್‌ನದು, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯದು. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಈ ಪಿಂಚಣಿಯೇ ಗತಿ. ಮೂಲವೇತನ ಮತ್ತು ತುಟ್ಟಿಭತ್ಯೆ ಕೂಡಿ ಬಂದಿದ್ದರಲ್ಲಿ ನೂರಕ್ಕೆ 10 ನೌಕರನ ವಂತಿಗೆ. ಸರ್ಕಾರದ ವಂತಿಗೆಯೂ ಮೊದಲು ಅಷ್ಟೇ ಇತ್ತು, 2019ರ ಏಪ್ರಿಲ್‌ನಿಂದ 14 ಆಯಿತು. ಹುಡುಗರಿಗೆ ನಾನು ಹೇಳುವ ಲೆಕ್ಕ ಇದು: ಎರಡೂ ಸೇರಿ 40,000 ಅಂದುಕೊಳ್ಳಿ, ನಿಮ್ಮ ಜೇಬಿಂದ 4,000 ಹೋಗುತ್ತದೆ, ಸರ್ಕಾರ 5,600 ಹಾಕುತ್ತದೆ, ತಿಂಗಳಿಗೆ 9,600 ನಿಮ್ಮ ಹೆಸರಲ್ಲಿ ಕೂರುತ್ತದೆ. 60 ತುಂಬಿ ನಿವೃತ್ತಿ ಆದಾಗ ಗಂಟಿನಲ್ಲಿ ನೂರಕ್ಕೆ 60 ಭಾಗದವರೆಗೆ ಒಟ್ಟಿಗೆ ತೆಗೆದುಕೊಳ್ಳಬಹುದು, ಉಳಿದ 40 ಭಾಗದಿಂದ ತಿಂಗಳ ಪಿಂಚಣಿ ಕೊಳ್ಳಬೇಕು. ಇಪ್ಪತ್ತಮೂರು ವರ್ಷದ ಹುಡುಗನಿಗೆ 60ರ ಮಾತು ಹೇಳಿದರೆ ಅವನ ಮುಖ ನೋಡಬೇಕು. ನನ್ನ ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾನೆ.

ಆದರೆ ಅವನನ್ನು ಹಿಡಿಯಬೇಕಾದ್ದು ಆ ಎರಡು ದಿನದಲ್ಲೇ. ಆಮೇಲೆ ಚನ್ನಪಟ್ಟಣಕ್ಕೋ ಇನ್ಯಾವುದೋ ತರಬೇತಿ ಶಾಲೆಗೋ ಹೊರಟ ಅಂದರೆ ತಿಂಗಳುಗಟ್ಟಲೆ ಫೋನಿಗೂ ಸಿಗುವುದಿಲ್ಲ. ಮುಗಿಸಿ ಬಂದ ಮೇಲೆ ಠಾಣೆ, ಬಂದೋಬಸ್ತು, ಕೋರ್ಟು, ರಾತ್ರಿ ಬೀಟು. ಅವನು ಮತ್ತೆ ನನ್ನ ಮೇಜಿಗೆ ಬರುವುದು ಸಂಬಳ ನಿಂತಾಗಲೋ ಮದುವೆಗೆ ಸಾಲ ಬೇಕಾದಾಗಲೋ. ಪ್ರಾನ್ ನಂಬರ್, ಅಂದರೆ ಅವನ ಪಿಂಚಣಿ ಖಾತೆಯ ಹನ್ನೆರಡು ಅಂಕಿಯ ಸಂಖ್ಯೆ ಬಂದು, ಅದು ಸಂಬಳದ ಬಿಲ್ಲು ಮಾಡುವ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ಕೂತು, ಬಿಲ್ಲಿನಲ್ಲಿ ಕಟಾವು ಶುರುವಾಗುವ ತನಕ ಅವನ ವಂತಿಗೆಯೂ ಇಲ್ಲ, ಸರ್ಕಾರದ್ದೂ ಇಲ್ಲ. ಆಮೇಲೆ ಬಾಕಿ ಅಂತ ಹಿಡಿಯಬಹುದು ನಿಜ, ಆದರೆ ಆ ತಿಂಗಳುಗಳಲ್ಲಿ ಬೆಳೆಯಬೇಕಿದ್ದ ದುಡ್ಡು ಬೆಳೆದಿರುವುದಿಲ್ಲ. ಶುರುವಿನ ವರ್ಷಗಳಲ್ಲಿ ಸೇರಿದವರ 'ಬ್ಯಾಕ್‌ಲಾಗ್ ವಂತಿಗೆ' ಫೈಲು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಫಾರಂನಲ್ಲಿ ನನ್ನ ಅರ್ಧ ಆಯುಷ್ಯ ತಿಂದಿದ್ದು ಹೆಸರಿನ ಕಾಲಂ. ನಮ್ಮ ಕಡೆ ಹೆಸರಿಗೆ ಸರ್‌ನೇಮ್ ಎಲ್ಲಿಂದ ತರುವುದು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎನ್' ಅಂತ ಇರುತ್ತದೆ. ಪ್ಯಾನ್ ಕಾರ್ಡಿನವರು ಇನಿಷಿಯಲ್ ಬಿಡಿಸಿ 'ನಾರಾಯಣಪ್ಪ ಮಂಜುನಾಥ' ಮಾಡಿರುತ್ತಾರೆ. ಆಧಾರ್‌ನಲ್ಲಿ ಇನಿಷಿಯಲ್ ಮುಂದಕ್ಕೆ ಬಂದು ಕೂತಿರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಂಜುನಾಥ ಮಂಜುನಾಥ್ ಆಗಿ ಒಂದು ಇಂಗ್ಲಿಷ್ ಅಕ್ಷರ ಹೆಚ್ಚೋ ಕಡಿಮೆಯೋ ಆಗಿರುತ್ತದೆ. ನಾಲ್ಕೂ ಒಬ್ಬನೇ ಮನುಷ್ಯ ಅಂತ ನನಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಮೊದಮೊದಲು ನೇಮಕಾತಿ ಆದೇಶ ನೋಡಿ ತುಂಬಿಸುತ್ತಿದ್ದೆ, ವಾಪಸ್ ಬರುತ್ತಿತ್ತು. ಈಗ ನಾಲ್ಕೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಡಿಸುತ್ತೇನೆ. ತಾಳೆ ಆಗದಿದ್ದರೆ ಅವತ್ತೇ ಸೈಬರ್ ಸೆಂಟರಿಗೆ ಓಡಿಸಿ ತಿದ್ದುಪಡಿಗೆ ಅರ್ಜಿ ಹಾಕಿಸುತ್ತೇನೆ. ಹೆಣ್ಣುಮಕ್ಕಳದು ಇನ್ನೊಂದು ತರಹ. ಕೆಲಸ ಸಿಗುವ ಹೊತ್ತಿಗೆ ಕೆಲವರಿಗೆ ಮದುವೆ ಆಗಿರುತ್ತದೆ, ಆಧಾರ್‌ನಲ್ಲಿ ಗಂಡನ ಹೆಸರು, ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್.

ಸಹಿಯ ಚೌಕದ ಬಗ್ಗೆಯೂ ಹೇಳಬೇಕು. ಕಪ್ಪು ಇಂಕು, ಗೆರೆ ದಾಟಬಾರದು, ಫೋಟೋಗೆ ಪಿನ್ನು ಹೊಡೆಯಬಾರದು. ಪೊಲೀಸ್ ಆಗಿದ್ದೇನೆ ಅನ್ನುವ ಖುಷಿಗೆ ಹುಡುಗರು ಹಾಕುವ ಸಹಿ ಎಂಥದ್ದು ಅಂತೀರಿ? ಬಾಲ ಎಳೆದರೆ ಪಕ್ಕದ ಕಾಲಂ ದಾಟಿ ನಾಮಿನಿ ತನಕ ಹೋಗುತ್ತದೆ.

ಇನ್ನು ನಾಮಿನಿ. ಮೂರು ಜನರ ತನಕ ಬರೆಯಬಹುದು, ಪಾಲು ಕೂಡಿದರೆ 100 ಆಗಬೇಕು, ಮಗು ಆದರೆ ಪೋಷಕರ ಹೆಸರು ಬೇಕು. ಮದುವೆ ಆಗದ ಹುಡುಗರೆಲ್ಲ ಅಮ್ಮನ ಹೆಸರು ಬರೆಯುತ್ತಾರೆ. ಮುಳಬಾಗಿಲು ಕಡೆಯ ಒಬ್ಬ ತಾಯಿಯನ್ನೇ ಕರೆದುಕೊಂಡು ಬಂದಿದ್ದ. ಆಕೆಗೆ ಕನ್ನಡ ಅಷ್ಟಕ್ಕಷ್ಟೆ. 'ನಾಮಿನಿ ಅಂಟೆ ಏಮಿ ನಾಯನಾ?' ಅಂತ ಮಗನನ್ನು ಕೇಳಿದರು. ಅವನು ತಲೆ ಕೆರೆದುಕೊಂಡ. ನಾನು ಅಷ್ಟಿಷ್ಟು ತೆಲುಗಿನಲ್ಲಿ ಹೇಳಿದೆ, ಇವನಿಗೇನಾದರೂ ಆದರೆ ದುಡ್ಡು ನಿಮಗೆ ಬರುತ್ತದಮ್ಮ ಅಂತ. ಆಕೆ ಪೆನ್ನು ಹಿಡಿದಿದ್ದ ಮಗನ ಕೈ ತಳ್ಳಿ, ಆ ದುಡ್ಡು ನನಗೆ ಬೇಡ ಅಂದುಬಿಟ್ಟರು. ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಆಕೆ ಟೀ ಕುಡಿಯಲು ಹೊರಗೆ ಹೋದಾಗ ಹುಡುಗ ಬರೆದ.

ಎಷ್ಟೋ ಜನ ಗುಮಾಸ್ತರಿಗೇ ಗೊತ್ತಿಲ್ಲದ ಒಂದು ಸಂಗತಿ ಇದೆ. ಮದುವೆಗೆ ಮುಂಚೆ ಮಾಡಿದ ನಾಮಿನಿ, ತಾಳಿ ಕಟ್ಟಿದ ದಿನವೇ ಅಸಿಂಧು. ಮದುವೆ ಆದ ಮೇಲೆ ಹೊಸದಾಗಿ ಬರೆದುಕೊಡಬೇಕು ಅಂತ ಪಿಂಚಣಿ ನಿಯಂತ್ರಣ ಪ್ರಾಧಿಕಾರವಾದ ಪಿಎಫ್‌ಆರ್‌ಡಿಎ ನಿಯಮದಲ್ಲೇ ಇದೆ. ಅಂದರೆ ಅಮ್ಮನ ಹೆಸರು ಇದೆಯಲ್ಲ, ಇರಲಿ ಬಿಡಿ ಅಂದುಕೊಂಡವರ ಖಾತೆಯಲ್ಲಿ ಲೆಕ್ಕಕ್ಕೆ ಯಾರ ಹೆಸರೂ ಇಲ್ಲ. ಇದು ಗೊತ್ತಾದಾಗಿನಿಂದ ಯಾರು ಮದುವೆ ಪತ್ರಿಕೆ ತಂದುಕೊಟ್ಟರೂ ಅವರ ಕೈಗೆ ನಾನು ನಾಮಿನಿ ಬದಲಿಸುವ ಒಂದು ಎಸ್-2 ಫಾರಂ ಕೊಡುತ್ತೇನೆ. ಶಾಖೆಯಲ್ಲಿ ಇದಕ್ಕೆ ಮೇಡಂ ಮುಯ್ಯಿ ಅಂತ ಹೆಸರು ಬಿದ್ದಿದೆ.

ಈಗ ನನ್ನ ತಪ್ಪಿನ ಕಥೆ. ಒಂದು ಬ್ಯಾಚಿನಲ್ಲಿ ಇಬ್ಬರು ಮಂಜುನಾಥ, ಇಬ್ಬರಿಗೂ ಎನ್ ಇನಿಷಿಯಲ್. ಒಬ್ಬ ಆ ಮುಳಬಾಗಿಲಿನ ತಾಯಿಯ ಮಗ, ಇನ್ನೊಬ್ಬ ಮಾಲೂರು ಕಡೆಯವನು. ಪೊಲೀಸಿನಲ್ಲಿ ಹೆಸರಿಗಿಂತ ನಂಬರಿಗೇ ಬೆಲೆ, ಪಿಸಿ ಇಂತಿಷ್ಟು ಅಂದರೆ ಮನುಷ್ಯ ಸಿಕ್ಕಿದ ಹಾಗೆ. ಆದರೆ ಅವರಿಗೆ ಆಗಿನ್ನೂ ಪಿಸಿ ನಂಬರ್ ಬಂದಿರಲಿಲ್ಲ. ಪ್ರಾನ್ ಕಿಟ್‌ಗಳು ಬಂದವು. ತಿಂಗಳ ಕೊನೆ, ಬಿಲ್ಲು ಖಜಾನೆಗೆ ಹೋಗಬೇಕಾದ ದಿನ, ಕರೆಂಟ್ ಹೋಗಿ ಬರುತ್ತಿತ್ತು. ಹನ್ನೆರಡು ಅಂಕಿಯ ಎರಡು ನಂಬರನ್ನು ನಾನು ಅದಲುಬದಲು ಮಾಡಿ ಹಾಕಿದೆ. ಜನ್ಮದಿನಾಂಕ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಹದಿಮೂರು ತಿಂಗಳು ಒಬ್ಬನ ವಂತಿಗೆ ಇನ್ನೊಬ್ಬನ ಖಾತೆಗೆ ಹೋಯಿತು. ಒಂದೇ ಹುದ್ದೆ, ಒಂದೇ ದಿನ ಸೇರಿದವರು, ಒಂದೇ ಸಂಬಳ, ಹಾಗಾಗಿ ಮೊಬೈಲಿಗೆ ಬರುವ ಮೆಸೇಜಿನಲ್ಲಿ ಇಬ್ಬರಿಗೂ ಒಂದೇ ಮೊತ್ತ. ಅನುಮಾನ ಬರುವುದಾದರೂ ಹೇಗೆ? ಹದಿನಾಲ್ಕನೇ ತಿಂಗಳು ಮುಳಬಾಗಿಲಿನವನು ಮನೆಯಲ್ಲಿ ಕಾಯಿಲೆ ಅಂತ ಹದಿನೈದು ದಿನ ಸಂಬಳರಹಿತ ರಜೆ ಹಾಕಿದ. ಮಾಲೂರಿನ ಮಂಜುನಾಥ ಫೋನ್ ಹಿಡಿದುಕೊಂಡು ಬಂದ. 'ಮೇಡಂ, ನಂಗೆ ಸಂಬಳದಲ್ಲಿ ಪೂರ್ತಿ ಕಟ್ ಆಗೈತೆ. ಮೆಸೇಜಲ್ಲಿ ಅರ್ಧ ತೋರಿಸ್ತಾ ಐತೆ.' ಸರ್ವರ್ ಇರಬೇಕು, ಬರುತ್ತೆ ಹೋಗಪ್ಪಾ ಅಂತ ಕಳಿಸಿದೆ. ಸರ್ಕಾರಿ ಕಚೇರಿಯಲ್ಲಿ ಸರ್ವರ್ ಅನ್ನುವ ಪದ ಇಲ್ಲದಿದ್ದರೆ ನಾವೆಲ್ಲ ಏನು ಉತ್ತರ ಕೊಡುತ್ತಿದ್ದೆವೋ ಗೊತ್ತಿಲ್ಲ. ರಾತ್ರಿ ಮಲಗಿದಾಗ ಆ 'ಅರ್ಧ' ಕೊರೆಯತೊಡಗಿತು. ಆ ತಿಂಗಳು ಅರ್ಧ ಸಂಬಳ ಯಾರಿಗೆ ಹೋಗಿದೆ ಅಂತ ನನಗೆ ಗೊತ್ತಿತ್ತಲ್ಲ.

ಬೆಳಿಗ್ಗೆ ಇಬ್ಬರ ಕಿಟ್‌ಗಳನ್ನೂ ತರಿಸಿ ಎಚ್‌ಆರ್‌ಎಂಎಸ್ ಮುಂದೆ ಇಟ್ಟರೆ ಎಲ್ಲ ಬಯಲಾಯಿತು. ಅರ್ಧ ಸಂಬಳ ಪಡೆದ ಮುಳಬಾಗಿಲಿನವನಿಗೆ ಪೂರ್ತಿ ಜಮೆಯ ಮೆಸೇಜ್ ಬಂದಿತ್ತು. ಅವನು ಬಾಯಿ ಬಿಟ್ಟಿರಲಿಲ್ಲ, ಬಿಡುವುದಾದರೂ ಯಾಕೆ? ಹದಿಮೂರು ತಿಂಗಳದು ಒಂದೇ ಮೊತ್ತ, ಒಂದೇ ದಿನದ ಜಮೆ, ಆದ್ದರಿಂದ ಆ ದುಡ್ಡಿಗೆ ಖಾತೆಯಲ್ಲಿ ಕೊಂಡ ಯೂನಿಟ್ಟೂ ಸರಿಸಮ, ಅದನ್ನು ಮುಟ್ಟಬೇಕಾಗಲಿಲ್ಲ. ಮುಂದಕ್ಕೆ ನಂಬರ್ ತಿದ್ದಿಸಿ, ಆ ಒಂದು ತಿಂಗಳದ್ದನ್ನು ಮಾತ್ರ ಸರಿಪಡಿಸಲು ಬರೆದೆವು. ಹೆಚ್ಚಿಗೆ ಹೋದ ಖಾತೆಯ ಯೂನಿಟ್ ಮಾರಿ, ಬಂದ ದುಡ್ಡಿಗೆ ಇನ್ನೊಂದರಲ್ಲಿ ಕೊಳ್ಳುವ ವ್ಯವಸ್ಥೆ ಇದೆ. ಪತ್ರದಲ್ಲಿ 'ಕಣ್ತಪ್ಪಿನಿಂದ' ಅಂತ ಬರೆಯುವಾಗ ಕೈ ಭಾರ ಆಯಿತು. ಒಬ್ಬನಿಗೆ ಬಡ್ತಿ ಸಿಕ್ಕಿ, ಹತ್ತು ವರ್ಷ ಕಳೆದು ಗೊತ್ತಾಗಿದ್ದರೆ ಇದು ಒಂದು ಪತ್ರಕ್ಕೆ ಮುಗಿಯುತ್ತಿರಲಿಲ್ಲ. ನಡುವೆ ಇಬ್ಬರಲ್ಲಿ ಯಾರಿಗಾದರೂ ಏನಾದರೂ ಆಗಿದ್ದರೆ ಅನ್ನುವುದನ್ನು ನಾನು ಯೋಚಿಸಲು ಹೋಗಲಿಲ್ಲ.

ಅಗ್ನಿಶಾಮಕ ಇಲಾಖೆಯಲ್ಲಿ ಇದೇ ಕೆಲಸ ನೋಡುವವಳು ನನ್ನ ಬ್ಯಾಚಿನ ಗೆಳತಿ. ಅವಳ ಕಷ್ಟ ಬೇರೆ. ನಮ್ಮ ಹುಡುಗರು ಒಂದೇ ಕಡೆ ಬಂದು ನಿಲ್ಲುತ್ತಾರೆ, ಅವಳವರು ತರಬೇತಿಗೆ ಬನ್ನೇರುಘಟ್ಟಕ್ಕೆ ಹೋಗಿಬಂದ ಮೇಲೆ ಠಾಣೆಗೆ ಇಬ್ಬರು, ಮೂವರು ಅಂತ ಶ್ರೀನಿವಾಸಪುರ, ಬಂಗಾರಪೇಟೆ, ಮುಳಬಾಗಿಲಿಗೆ ಹಂಚಿಹೋಗುತ್ತಾರೆ. ಕಚೇರಿಗೆ ಬನ್ನಿ ಅಂದರೆ ವಾಹನ ಬಿಟ್ಟು ಬರುವಂತಿಲ್ಲ. ಕಾಗದದ ಫಾರಂ ಇದ್ದ ಕಾಲದಲ್ಲಿ ಅವಳೇ ಫಾರಂ ಹಿಡಿದು ಠಾಣೆಗೆ ಹೋಗುತ್ತಿದ್ದಳು. ಒಂದು ಮಾರ್ಚ್ ತಿಂಗಳ ರಜೆಯ ಶನಿವಾರ ನಾನೂ ಜೊತೆಗೆ ಹೋದೆ.

ನಾಲ್ವರು ಹುಡುಗರು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದರು. ಒಬ್ಬ ಅಮ್ಮನ ಜನ್ಮದಿನಾಂಕಕ್ಕೆ ಮನೆಗೆ ಫೋನ್ ಹಚ್ಚಿದ್ದ. ಆ ಕಡೆಯಿಂದ ಯಾರೋ, ಯುಗಾದಿ ಆಸುಪಾಸಿನಲ್ಲಿ ಹುಟ್ಟಿದ್ದು ಅನ್ನುತ್ತಿದ್ದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂತರಗಂಗೆ ಬೆಟ್ಟದಲ್ಲಿ ಒಣಹುಲ್ಲಿಗೆ ಬೆಂಕಿ. ಪೆನ್ನು ಅಲ್ಲೇ, ಫೋನು ಅಲ್ಲೇ, ಫೋನಿನಲ್ಲಿ ಹಲೋ ಹಲೋ ಅನ್ನುವ ದನಿ ಅಲ್ಲೇ. ನಾವಿಬ್ಬರು ತಿರುಗಿ ನೋಡುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು. ಫಾರಂಗಳು ಹಾರದ ಹಾಗೆ ಅವರದೇ ಟಿಫಿನ್ ಡಬ್ಬಿ ಇಟ್ಟು ಕಾದೆವು. ಸಂಜೆ ಆರೂವರೆಗೆ ಬಂದರು, ಹುಬ್ಬಿನ ತನಕ ಮಸಿ. 'ಸಾರಿ ಮೇಡಂ, ಎಲ್ಲಿಗೆ ನಿಲ್ಲಿಸಿದ್ವಿ?' ಅಂತ ಒಬ್ಬ ಫಾರಂ ಎತ್ತಿಕೊಂಡ. ಫೋಟೋ ಮೇಲೆ ಅವನ ಹೆಬ್ಬೆರಳಿನ ಗುರುತು ಕಪ್ಪಗೆ ಕೂತಿತು. ಆ ಫಾರಂ ಹೋಯಿತು, ಹೊಸದು ತುಂಬಿಸಿದೆವು. ಈಗ ಆನ್‌ಲೈನ್ ಬಂದ ಮೇಲೆ ಆ ಓಡಾಟ ಎಷ್ಟೋ ಕಡಿಮೆ. ಅಮ್ಮನ ಜನ್ಮದಿನಾಂಕದ ಸಮಸ್ಯೆ ಹಾಗೇ ಇದೆ.

ವರ್ಗಾವಣೆಯ ಗೋಜಲು ಒಂದಿದೆ. ಕೋಲಾರ ಕಂದಾಯ ಜಿಲ್ಲೆ ಒಂದೇ ಆದರೂ ಪೊಲೀಸ್ ಜಿಲ್ಲೆ ಎರಡು, ಕೋಲಾರ ಮತ್ತು ಕೆಜಿಎಫ್. ಇಲ್ಲಿಂದ ಅಲ್ಲಿಗೆ ಹೋದವನ ಪ್ರಾನ್ ಬದಲಾಗುವುದಿಲ್ಲ, ಸಂಬಳ ಬಟವಾಡೆ ಮಾಡುವ ಅಧಿಕಾರಿ ಬದಲಾಗುತ್ತಾರೆ. ಹೊಸ ಕಚೇರಿಗೆ ಖಾತೆ ಜೋಡಿಸಿದ್ದಾರಾ ಅಂತ ಮೊದಲ ಸಂಬಳದ ಚೀಟಿಯಲ್ಲೇ ನೋಡಿಕೊಳ್ಳಬೇಕು. ಹೊಸ ಪ್ರಾನ್‌ಗೆ ಅರ್ಜಿ ಹಾಕಿದಿರೋ, ಎರಡೆರಡು ಖಾತೆ ಆಗಿ ಇನ್ನೊಂದು ತಲೆನೋವು.

ಹುಡುಗರು ತಪ್ಪದೆ ಕೇಳುವ ಪ್ರಶ್ನೆ, 'ಓಪಿಎಸ್ ವಾಪಸ್ ಬರುತ್ತಂತಲ್ಲ ಮೇಡಂ, ಇದಕ್ಕೆ ಯಾಕೆ ಸೇರಬೇಕು?' ಓಪಿಎಸ್ ಅಂದರೆ ಎನ್‌ಪಿಎಸ್‌ಗೆ ಮೊದಲಿದ್ದ ಹಳೆ ಪಿಂಚಣಿ. ಸೇರುವುದು ಬಿಡುವುದು ನಿಮ್ಮ ಇಷ್ಟ ಅಲ್ಲಪ್ಪಾ ಅಂತ ಹೇಳುತ್ತೇನೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದಾಗ ನೂರಕ್ಕೆ 17ರ ಮಧ್ಯಂತರ ಪರಿಹಾರ ಸಿಕ್ಕಿತು, ಹಳೆ ಪಿಂಚಣಿ ಪರಿಶೀಲನೆಗೆ ಸಮಿತಿ ಆಯಿತು. ಅವತ್ತು ಖಾಕಿಯವರು ಡ್ಯೂಟಿಯಲ್ಲೇ ಇದ್ದರು, ಅವರು ಮುಷ್ಕರ ಮಾಡುವ ಹಾಗಿಲ್ಲ. 2024ರ ಜನವರಿಯಲ್ಲಿ ಒಂದು ಆದೇಶ ಬಂತು: 2006ರ ಏಪ್ರಿಲ್ 1ಕ್ಕೆ ಮೊದಲೇ ಹೊರಟ ಅಧಿಸೂಚನೆಯಲ್ಲಿ ಆಯ್ಕೆಯಾಗಿ ಆಮೇಲೆ ಸೇರಿದವರು ಹಳೆ ಪಿಂಚಣಿ ಆರಿಸಿಕೊಳ್ಳಬಹುದು ಅಂತ. ರಾಜ್ಯದಲ್ಲಿ ಅಂಥವರು ಸುಮಾರು 13,000. ನಮ್ಮಲ್ಲಿದ್ದ ಒಬ್ಬ ಹೆಡ್ ಕಾನ್ಸ್‌ಟೇಬಲ್‌ಗೆ ಅಧಿಸೂಚನೆ ಹೊರಟ ತಾರೀಖು ತೋರಿಸಬೇಕಿತ್ತು. ಮಾರನೇ ದಿನ ಅವರು ಒಂದು ಟ್ರಂಕ್ ಪೆಟ್ಟಿಗೆಯನ್ನೇ ಬೈಕಿನ ಹಿಂದೆ ಕಟ್ಟಿಕೊಂಡು ಬಂದರು. ಮದುವೆ ಲಗ್ನಪತ್ರಿಕೆ, ಮಗಳ ಜಾತಕ, ಎಲ್ಲದರ ತಳದಲ್ಲಿ ಅಧಿಸೂಚನೆಯ ಜೆರಾಕ್ಸ್, ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಟೇಪು ಹಚ್ಚಿ ಜೋಡಿಸುವಾಗ ನನ್ನ ಕೈಯೇ ನಡುಗಿತು. ಆವತ್ತಿನಿಂದ ಹೊಸ ಹುಡುಗರಿಗೆ ಇನ್ನೊಂದು ಮಾತು ಸೇರಿಸಿದ್ದೇನೆ, ಅಧಿಸೂಚನೆಯಿಂದ ಹಿಡಿದು ಆದೇಶದ ತನಕ ಒಂದು ಪ್ರತಿ ತೆಗೆದು ಅಮ್ಮನ ಬೀರುವಿನಲ್ಲಿಡಿ ಅಂತ.

ಪ್ರಾನ್ ನಂಬರನ್ನು ಈಗ ನಾನೊಬ್ಬಳೇ ಹಾಕುವುದಿಲ್ಲ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಲೇ ಎರಡು ಸಲ ಜೋರಾಗಿ ಓದಿಸುತ್ತೇನೆ, ಮೂರು ಮೂರು ಅಂಕಿ ಬಿಡಿಸಿ. ಜನ್ಮದಿನಾಂಕ ಕೇಳುತ್ತೇನೆ. ಆಚೆ ಮೇಜಿನವರು ನಗುತ್ತಾರೆ, ಮಗ್ಗಿ ಹೇಳಿಸ್ತಿದ್ದೀರಾ ಅಂತ.

ಮೊನ್ನೆ ಮಾಲೂರಿನ ಮಂಜುನಾಥ ಬಂದಿದ್ದ. ಈಗ ಸ್ವಲ್ಪ ಹೊಟ್ಟೆ ಬಂದಿದೆ, ಕೂತ್ಕೊ ಅಂದರೆ ಕೂರುತ್ತಾನೆ. ಮದುವೆ ಪತ್ರಿಕೆಯ ಮೇಲೆ ಅರಿಶಿನ ಕುಂಕುಮ ಇಟ್ಟು ಕೊಟ್ಟು, ನಾನು ಡ್ರಾಯರ್ ಎಳೆಯುವ ಮೊದಲೇ, 'ನಿಮ್ಮ ಮುಯ್ಯಿ ಕೊಡಿ ಮೇಡಂ' ಅಂದ. ಫಾರಂ ತೆಗೆದು ನಂಬರ್ ಹೇಳು ಅಂದೆ. ಕಾರ್ಡು ತೆಗೆಯಲಿಲ್ಲ, ಫೋನೂ ನೋಡಲಿಲ್ಲ, ಹನ್ನೆರಡೂ ಅಂಕಿ ಬಾಯಲ್ಲೇ ಹೇಳಿದ. ಬರೆದುಕೊಂಡು, ಇನ್ನೊಂದು ಸಲ ಹೇಳಪ್ಪಾ ಅಂದೆ.