ಬಸ್ಸಿನ ದಾರಿ ಹಿಡಿದು ಕಟ್ಟಿದ ಓದಿನ ಗುಂಪು

ಹಾಸನದ ಪದವಿ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಮೊದಲ ವರ್ಷದ ಬಿ.ಎಸ್ಸಿ.ಗೆ ಬರುವ ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರು. ಪಿಯುಸಿಯನ್ನು ಹೇಗೋ ಬಾಯಿಪಾಠದಲ್ಲಿ ದಾಟಿರುತ್ತಾರೆ. ಕ್ಯಾಲ್ಕುಲಸ್‌ನ ಮೊದಲ ಪಾಠಗಳಾದ ಲಿಮಿಟ್, ಕಂಟಿನ್ಯುಟಿ ಶುರುವಾಗುತ್ತಿದ್ದಂತೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ಕೆಲವರು ಬರುವುದೇ ಇಲ್ಲ.

ಮೊದಲು ನಾನೂ ಕಡಿಮೆ ಅಂಕದವರ ಪಟ್ಟಿ ಮಾಡಿ ಸಂಜೆ ರೆಮಿಡಿಯಲ್ ಕ್ಲಾಸ್ ಇಟ್ಟೆ. ಮೂರನೇ ವಾರಕ್ಕೆ ನಾಲ್ಕೇ ಜನ ಉಳಿದರು. ಪಟ್ಟಿಯಲ್ಲಿ ಹೆಸರು ಬಂದದ್ದೇ ಅವರಿಗೆ ಅವಮಾನವಾಗಿತ್ತು. ಜೊತೆಗೆ, ನಾಲ್ಕು ಗಂಟೆಯ ಬಸ್ ತಪ್ಪಿದರೆ ಒಳಹಳ್ಳಿಯವರು ಮನೆ ಸೇರುವುದು ಕತ್ತಲಾದ ಮೇಲೆಯೇ. "ಡೌಟ್ ಇದ್ರೆ ಕೇಳಮ್ಮ" ಅಂದಾಗ ಒಬ್ಬಳು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಡೌಟ್ ಏನು ಅಂತಾನೇ ಗೊತ್ತಾಗಲ್ಲ ಮೇಡಂ. ಗೊತ್ತಾಗಿದ್ರೆ ಕೇಳ್ತಿದ್ದೆ."

ಆ ಹೊತ್ತಿಗೆ ಅಮೆರಿಕದ ಗಣಿತ ಶಿಕ್ಷಣ ತಜ್ಞ ಯೂರಿ ಟ್ರೈಸ್‌ಮನ್ ಅವರ ಕೆಲಸದ ಬಗ್ಗೆ ಓದಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಯಾಕೆ ಹಿಂದೆ ಬೀಳುತ್ತಾರೆ ಎಂದು 1970ರ ದಶಕದಲ್ಲಿ ಅವರು ಹತ್ತಿರದಿಂದ ನೋಡಿದರು. ಮಕ್ಕಳಿಗೆ ಆಸೆಯಿತ್ತು, ಶ್ರಮವಿತ್ತು, ಮನೆಯವರ ಬೆಂಬಲವೂ ಇತ್ತು. ಆದರೆ ಒಬ್ಬೊಬ್ಬರೇ ಕೂತು ಓದುತ್ತಿದ್ದರು. ಚೀನೀ ಮೂಲದವರು ಗುಂಪಾಗಿ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತಿದ್ದರು. ಆಮೇಲೆ ಟ್ರೈಸ್‌ಮನ್ ಶುರುಮಾಡಿದ ಕಾರ್ಯಾಗಾರದಲ್ಲಿ ಗುಂಪಿಗೆ ಕೊಟ್ಟದ್ದು ಸುಲಭದ ಲೆಕ್ಕಗಳನ್ನಲ್ಲ, ಇನ್ನೂ ಕಷ್ಟದವನ್ನು. ಓದಿ ಮುಗಿಸಿ ನನ್ನ ಪಟ್ಟಿಯನ್ನು ಹರಿದು ಹಾಕಿದೆ.

ಮರುವರ್ಷ ಇಡೀ ತರಗತಿಯನ್ನು ಬಸ್ಸಿನ ದಾರಿ ನೋಡಿ ಐದಾರು ಜನರ ಗುಂಪು ಮಾಡಿದೆ. ಆಲೂರು-ಸಕಲೇಶಪುರದವರು, ಬೇಲೂರಿನವರು, ಅರಕಲಗೂಡಿನವರು, ಹೊಳೆನರಸೀಪುರದವರು, ಹಾಸ್ಟೆಲ್ ಮಕ್ಕಳು. ಸಕಲೇಶಪುರ ಇಲ್ಲಿಂದ ಸುಮಾರು 40 ಕಿಲೋಮೀಟರ್. ದಿನಾ ಜೊತೆಯಲ್ಲೇ ಕೂತು ಬರುವವರಿಗೆ ನಾನು ಬೇರೆ ಹೊತ್ತು ಹುಡುಕಿಕೊಡಬೇಕಿಲ್ಲ. ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ಲ್ಯಾಬ್ ಬ್ಯಾಚನ್ನೂ ಇದೇ ಗುಂಪಿನ ಪ್ರಕಾರ ಮಾಡಿಕೊಟ್ಟರು. ಅದರಿಂದಲೇ ಗುಂಪು ಗಟ್ಟಿಯಾಯಿತು ಅನ್ನುವುದು ನನ್ನ ನಂಬಿಕೆ.

ಶನಿವಾರ ಬೆಳಿಗ್ಗೆ ಒಂದು ಗಂಟೆ ಸೆಮಿನಾರ್. ಮೊದಲ ಮೂರು ವಾರ ಲೆಕ್ಕವನ್ನೇ ಮುಟ್ಟಲಿಲ್ಲ. ಇಂಟರ್ನಲ್ ಅಂಕ ಎಲ್ಲಿಂದ ಬರುತ್ತದೆ, ಹಾಜರಾತಿ ಕಡಿಮೆಯಾದರೆ ಏನಾಗುತ್ತದೆ, ಇಂಗ್ಲಿಷ್ ಪಠ್ಯದ ಒಂದು ಪುಟವನ್ನು ಪೆನ್ಸಿಲ್ ಹಿಡಿದು ಓದುವುದು ಹೇಗೆ. ಎಲ್ಲಕ್ಕಿಂತ ಮುಖ್ಯವಾಗಿ ಡೌಟ್ ಕೇಳುವ ಬಗೆ. "ಈ ಸಾಲಿನವರೆಗೆ ಗೊತ್ತಾಯ್ತು, ಇಲ್ಲಿಂದ ಗೊತ್ತಾಗ್ಲಿಲ್ಲ" ಅಂದರೆ ಸಾಕು, ಕನ್ನಡದಲ್ಲೇ ಕೇಳಿ ಎಂದೆ. ಬಾಯಿ ಬಿಡದವರೂ ಆ ಒಂದು ವಾಕ್ಯವನ್ನು ಹಿಡಿದುಕೊಂಡು ಎದ್ದು ನಿಂತರು.

ನಾಲ್ಕನೇ ವಾರ ಗುಂಪಿಗೊಂದು ಪ್ರಶ್ನೆ ಕೊಟ್ಟೆ: ಎಲ್ಲೂ ಕಡಿಯದ, ಆದರೆ ಸರಿಯಾಗಿ ಮೂರು ಕಡೆ ಮಾತ್ರ ಡಿಫರೆನ್ಷಿಯೇಟ್ ಮಾಡಲಾಗದ, ಅಂದರೆ ಇಳಿಜಾರು ಇಷ್ಟೇ ಎಂದು ಹೇಳಲಾಗದ, ಒಂದು ಗ್ರಾಫ್ ಬರೆಯಿರಿ. ಪುಸ್ತಕದಲ್ಲಿ ಉತ್ತರವಿಲ್ಲ. ಸೋಮವಾರ ಸಕಲೇಶಪುರದ ಗುಂಪು ಬಸ್ ಟಿಕೆಟ್ಟಿನ ಹಿಂದೆ ಎರಡು ಚೂಪು ಗುಡ್ಡ, ನಡುವೆ ಒಂದು ಚೂಪು ಕಣಿವೆ ಬರೆದು ತಂದಿತ್ತು. "ಮೇಡಂ, ಮೂರು ಮೂಲೆ. ಮೂರು ಕಡೆನೂ ಎಡಗಡೆ ಇಳಿಜಾರೇ ಬೇರೆ, ಬಲಗಡೆದೇ ಬೇರೆ." ಅದನ್ನು ವಿವರಿಸಿದವಳು ಹಿಂದಿನ ಬೆಂಚಿನ ಹುಡುಗಿ. ಆ ದಿನ ನನಗಾದ ಸಂತೋಷ ಹೇಳತೀರದು.

ಎಲ್ಲವೂ ಹೀಗೇ ನಡೆಯಲಿಲ್ಲ. ಒಂದು ಗುಂಪಿನಲ್ಲಿ ಒಬ್ಬನೇ ಲೆಕ್ಕ ಮಾಡಿ ಉಳಿದವರು ನಕಲು ಮಾಡುತ್ತಿದ್ದರು. ಬೋರ್ಡಿಗೆ ಯಾರು ಬರಬೇಕೆಂದು ಚೀಟಿ ಎತ್ತಲು ಶುರುಮಾಡಿದ ಮೇಲೆ, ಅವನೇ ಉಳಿದವರನ್ನು ಕೂರಿಸಿಕೊಂಡು ಹೇಳಿಕೊಡತೊಡಗಿದ.

ಡಿಸೆಂಬರ್‌ನಲ್ಲಿ ಕಾಫಿ ಹಣ್ಣಿನ ಕುಯ್ಲು ಬಂತು. ಆ ಹಿಂದಿನ ಬೆಂಚಿನ ಹುಡುಗಿ ಅಮ್ಮನ ಜೊತೆ ತೋಟಕ್ಕೆ ಹೋಗಬೇಕಾಗಿ ಎರಡು ವಾರ ಬರಲಿಲ್ಲ. ಹಿಂದಿನ ವರ್ಷಗಳಲ್ಲಿ ಹೀಗೆ ಹೋದವರು ವಾಪಸ್ ಬಂದದ್ದು ಕಡಿಮೆ. ಇವಳ ಗುಂಪಿನವರು ಸರದಿಯ ಮೇಲೆ ನೋಟ್ಸ್ ಬರೆದು, ದಿನಾ ರಾತ್ರಿ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದರು. ನನಗೆ ಗೊತ್ತೇ ಇರಲಿಲ್ಲ. ಅವಳು ಬಂದ ದಿನ ಮೊದಲ ಬೆಂಚಿನಿಂದಲೇ ಕೈ ಎತ್ತಿ, "ಮೇಡಂ, ಈ ಸಾಲಿನವರೆಗೆ ಗೊತ್ತಾಯ್ತು" ಎಂದಳು.