ಕಿಂಡಿ ಮುಚ್ಚಿದ ಚಳಿಗಾಲ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಇದ್ದದ್ದು ಮಲೆನಾಡು ಗಿಡ್ಡ. ಹಾಗಾಗಿ ಸ್ವೀಡನ್ನಿನ ಯೆಮ್ಟ್‌ಲಾಂಡ್‌ನಲ್ಲಿ ನೆಲೆಸಿದ ಮೇಲೆ ಹಸು ಸಾಕುವ ಆಸೆ ಹುಟ್ಟಿದಾಗ ದೊಡ್ಡ ತಳಿಯ ಕಡೆಗೆ ಮನಸ್ಸು ಹೋಗಲೇ ಇಲ್ಲ. ಮೂರು ಫ್ಯೆಲ್‌ಕೂ ತಂದೆ. ಹೆಸರಿನ ಅರ್ಥವೇ ಬೆಟ್ಟದ ಹಸು. ಬಿಳಿ ಮೈ, ಪಕ್ಕೆಯಲ್ಲಿ ಕಪ್ಪು ಇಲ್ಲವೇ ಕೆಂಪು ಮಚ್ಚೆ, ಹುಟ್ಟಿನಿಂದಲೇ ಬೋಳು ತಲೆ. ತೂಕ 400 ಕೆ.ಜಿ. ಆಸುಪಾಸು. ನಮ್ಮ ಗಿಡ್ಡದ ಪಕ್ಕ ನಿಲ್ಲಿಸಿದರೆ ದೊಡ್ಡದೇ, ಹೋಲ್‌ಸ್ಟೀನ್ ಪಕ್ಕದಲ್ಲಿ ಚಿಕ್ಕದು.

ಮೊದಲ ವರ್ಷದ ಡಿಸೆಂಬರಿನಲ್ಲಿ ಉಷ್ಣಾಂಶ ಮೈನಸ್ 25ಕ್ಕೆ ಇಳಿಯಿತು. ನಾನು ಹೆದರಿ ಕೊಟ್ಟಿಗೆಯ ಗಾಳಿಕಿಂಡಿಗಳಿಗೆಲ್ಲ ಹಳೆಯ ಕಂಬಳಿ ತುರುಕಿದೆ. ಒಳಗೆ ಬೆಚ್ಚಗಾಯಿತು, ನೆಮ್ಮದಿಯಿಂದ ಮಲಗಿದೆ. ನಾಲ್ಕನೆಯ ದಿನ ನೋಡಿದರೆ ಗೋಡೆಯಲ್ಲಿ ನೀರು ಇಳಿಯುತ್ತಿದೆ, ಗಂಜಲದ ಘಾಟಿಗೆ ಕಣ್ಣು ಉರಿಯುತ್ತಿದೆ, ಎರಡು ತಿಂಗಳ ಕರು ಕೆಮ್ಮುತ್ತಿದೆ. ಪಶುವೈದ್ಯೆ ಬಂದವರು ಕರುವನ್ನು ಮುಟ್ಟುವ ಮೊದಲು ಕಂಬಳಿಗಳನ್ನು ಎಳೆದು ಹಾಕಿದರು.

ಹಸು ಉಸಿರಿನಲ್ಲೇ ಬಹಳಷ್ಟು ತೇವ ಬಿಡುತ್ತದೆ. ಅದು ಹೊರಹೋಗಲು ದಾರಿಯಿಲ್ಲದಿದ್ದರೆ ಮೈಮೇಲಿನ ರೋಮ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ರೋಮದ ನಡುವೆ ನಿಲ್ಲುವ ಗಾಳಿಯೇ ಆ ಹಸುವಿನ ನಿಜವಾದ ಕಂಬಳಿ. ಅದನ್ನೇ ನಾನು ಕಿತ್ತುಕೊಂಡಿದ್ದೆ. ಆಗ ಅಜ್ಜಿ ಕಣ್ಣ ಮುಂದೆ ಬಂದಳು. ಜಡಿಮಳೆಯ ತಿಂಗಳುಗಳಲ್ಲಿ ಆಕೆ ಕೊಟ್ಟಿಗೆಗೆ ಬಾಗಿಲು ಬಿಗಿಯುತ್ತಿರಲಿಲ್ಲ, ಬೇಸಿಗೆಯಲ್ಲೇ ಗುಡಿಸಿ ಕೂಡಿಟ್ಟ ದರಗನ್ನು, ಅಂದರೆ ಒಣ ಎಲೆಗಳನ್ನು, ದಿನವೂ ಹಾಸುತ್ತಿದ್ದಳು. ಚಿಕ್ಕಂದಿನಿಂದ ಕಂಡದ್ದನ್ನೇ ಮರೆತೆನಲ್ಲ ಎಂದು ಅಂದು ತುಂಬ ನೊಂದೆ.

ಈಗ ದರಗಿನ ಬದಲು ಒಣಹುಲ್ಲು. ಹಳೆಯ ಹಾಸನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಸುತ್ತಾ ಹೋಗುತ್ತೇನೆ. ಅಡಿಯಲ್ಲಿ ಕೊಳೆಯುವ ಗೊಬ್ಬರವೇ ಶಾಖ ಕೊಡುತ್ತದೆ. ಪ್ರತಿ ಸಂಜೆ ಅದರ ಮೇಲೆ ಸ್ವಲ್ಪ ಹೊತ್ತು ಮಂಡಿಯೂರಿ ಕೂರುತ್ತೇನೆ. ಮಂಡಿ ತೇವವಾದರೆ ಇನ್ನೊಂದು ಹೊರೆ ಬೀಳುತ್ತದೆ. ಮೇಲಿನ ಕಿಂಡಿಗಳು ಸದಾ ತೆರೆದಿರುತ್ತವೆ, ಮಲಗುವ ಎತ್ತರದಲ್ಲಿ ಮಾತ್ರ ಗಾಳಿ ನುಗ್ಗದಂತೆ ಹಲಗೆ ಹೊಡೆದಿದ್ದೇನೆ.

ಚಳಿ ಹೆಚ್ಚಿದ ರಾತ್ರಿ ಹಿಂಡಿ ಹೆಚ್ಚಿಸುವುದಿಲ್ಲ, ಹುಲ್ಲು ಹೆಚ್ಚಿಸುತ್ತೇನೆ. ನಾರಿನ ಮೇವು ಹೊಟ್ಟೆಯಲ್ಲಿ ಹುದುಗುವಾಗ ಒಳಗೇ ಒಲೆ ಹಚ್ಚಿದಂತೆ. ನೀರು ಹೆಪ್ಪುಗಟ್ಟಬಾರದು, ಕುಡಿಯುವುದು ಕಡಿಮೆಯಾದರೆ ತಿನ್ನುವುದೂ ಹಾಲೂ ಒಟ್ಟಿಗೇ ಇಳಿಯುತ್ತವೆ. ಕರೆದ ಮೇಲೆ ಮೊಲೆತೊಟ್ಟು ಪೂರ್ತಿ ಒಣಗದೆ ಹಸುವನ್ನು ಹೊರಗೆ ಬಿಡುವುದಿಲ್ಲ.

ಬೇಸಿಗೆಯ ಕೆಲಸ ಹಗುರ. ಇಲ್ಲಿ ಹಿಂದಿನಿಂದಲೂ ಹಸುಗಳನ್ನು ಕಾಡಿನ ಮೇಲ್ಮಾಳಗಳಿಗೆ ಹೊಡೆದುಕೊಂಡು ಹೋಗಿ, ಅಲ್ಲೇ ಗುಡಿಸಲಿನಲ್ಲಿ ಇದ್ದು ಚೀಸ್, ಬೆಣ್ಣೆ ಮಾಡುತ್ತಿದ್ದರು. ಈ ಫೇಬೂಡ್ ಪದ್ಧತಿ 2024ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಹಸುಗಳನ್ನು ಕರೆಯಲು ಹೆಂಗಸರು ಎತ್ತರದ ದನಿಯಲ್ಲಿ ಕುಲ್ನಿಂಗ್ ಹಾಡುತ್ತಾರೆ, ಅದು ಬೆಟ್ಟ ದಾಟಿ ಕೇಳುತ್ತದೆ. ನನ್ನವು ನಮ್ಮೂರಿನ ‘ಅಂಬಾ, ಬಾ’ ಎಂಬ ಕೂಗಿಗೇ ಬರುತ್ತವೆ.

ಅಂದು ಕೆಮ್ಮಿದ ಕರು ಈಗ ತಾಯಿ. ಕಳೆದ ಜನವರಿಯಲ್ಲಿ ಅಂಗಳದಲ್ಲಿ ನಿಂತಿದ್ದಾಗ ಅದರ ಬೆನ್ನಿನ ಮೇಲೆ ಬಿದ್ದ ಹಿಮ ಅರ್ಧ ಗಂಟೆಯಾದರೂ ಕರಗಲಿಲ್ಲ. ಮೈಶಾಖ ಹೊರಗೆ ಸೋರುತ್ತಿಲ್ಲ ಎಂದು ಅರ್ಥ. ಕೈಗವಸು ತೆಗೆದು ರೋಮದೊಳಗೆ ಬೆರಳು ತೂರಿಸಿದೆ. ಬೆಚ್ಚಗಿತ್ತು.